ಹಾವಿನ ಊಟಕ್ಕೆ ಬೇರೆ ಪೆಟ್ಟಿಗೆ ಬೇಕೇ?

ಜುಲೈ ತಿಂಗಳ ಮಡಿಕೇರಿಯಲ್ಲಿ ಮನೆಯೊಳಗೂ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಥಂಡಿ. ನಮಗೆ ಒಂದು ಸ್ವೆಟರ್ ಸಾಕು. ಆಗಷ್ಟೇ ಇಲಿ ನುಂಗಿದ ಸಾಕುಹಾವು ಬಾಲ್ ಪೈಥಾನಿಗೆ ಮಾತ್ರ ಇದು ಅಪಾಯದ ಚಳಿ. ಒಳಗಿನಿಂದ ಬಿಸಿ ಹುಟ್ಟಿಸಿಕೊಳ್ಳಲು ಅದಕ್ಕೆ ಬಾರದು. ಹೊರಗಿನ ಬಿಸಿ ಸಿಗದಿದ್ದರೆ ಹೊಟ್ಟೆಯಲ್ಲಿರುವ ಇಲಿ ಜೀರ್ಣವಾಗುವ ಮೊದಲೇ ಕೊಳೆಯತೊಡಗುತ್ತದೆ. ಹಾವಿಗೆ ಊಟ ಎಲ್ಲಿ ಹಾಕಬೇಕು ಎಂಬ ಹಳೆಯ ಚರ್ಚೆಯನ್ನು, ಅದರಲ್ಲೂ ಕೊಡಗಿನಲ್ಲಿ, ಈ ಬಿಸಿಯ ಲೆಕ್ಕದಿಂದಲೇ ಶುರು ಮಾಡಬೇಕು.

ಯಾವ ಹಾವಿನ ಮಾತು ಎಂಬುದು ಮೊದಲು ಸ್ಪಷ್ಟವಾಗಲಿ. ತೋಟದಲ್ಲಿ ಸಿಗುವ ಕೇರೆ, ಮಣ್ಣುಮುಕ್ಕ, ಹೆಬ್ಬಾವು, ನಾಗರ, ಕಾಳಿಂಗ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಿಡಿದು ಸಾಕುವುದು ಅಪರಾಧ. ಮನೆಗಳಲ್ಲಿ ಇರುವುದು ಹೆಚ್ಚಾಗಿ ಆಫ್ರಿಕಾ ಮೂಲದ ಬಾಲ್ ಪೈಥಾನ್ ಮತ್ತು ಅಮೆರಿಕ ಮೂಲದ ಕಾರ್ನ್ ಸ್ನೇಕ್. ಇವೆರಡಕ್ಕೂ ವಿಷವಿಲ್ಲ. ಬಾಲ್ ಪೈಥಾನ್ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವುದರಿಂದ, 2024ರ ನಿಯಮಗಳ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಸಾಕಲಾರದೆ ತೋಟಕ್ಕೆ ಬಿಟ್ಟು ಬರುವುದಂತೂ ಆ ಹಾವಿಗೂ ಕೇಡು, ನಮ್ಮ ಕಾಡಿಗೂ ಕೇಡು.

ಈಗ ಪೆಟ್ಟಿಗೆಯ ವಿಷಯ. ಹಾವು ವಾಸಿಸುವ ಗೂಡಿನಲ್ಲೇ ಊಟ ಕೊಟ್ಟರೆ, ಬಾಗಿಲು ತೆರೆದಾಗಲೆಲ್ಲ ಕೈಯನ್ನೇ ಇಲಿ ಎಂದುಕೊಂಡು ಕಚ್ಚುತ್ತದೆ, ಆದ್ದರಿಂದ ಬೇರೆ ಡಬ್ಬಿಗೆ ಹಾಕಿ ತಿನ್ನಿಸಬೇಕು ಎಂಬ ಸಲಹೆ ಬಹಳ ಕಾಲದಿಂದ ಓಡಾಡುತ್ತಿದೆ. ಕೇಳಲು ಸರಿ ಎನ್ನಿಸುತ್ತದೆ, ಮಾಡಿ ನೋಡಿದರೆ ಉಲ್ಟಾ. ಬಾಲ್ ಪೈಥಾನ್ ಅಂಜುಬುರುಕ. ಎತ್ತಿ ಬರಿಯ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರೆ ಅವಿತುಕೊಳ್ಳಲು ಜಾಗ ಸಿಗದೆ ಎಷ್ಟೋ ಸಲ ತಿನ್ನುವುದೇ ಇಲ್ಲ. ತಿಂದರೆ ಇನ್ನೂ ಕಷ್ಟ. ಹೊಟ್ಟೆ ತುಂಬಿದ ಹಾವನ್ನು ಮತ್ತೆ ಕೈಯಲ್ಲಿ ಎತ್ತಿ ಗೂಡಿಗೆ ಬಿಡಬೇಕು. ಇಲಿಯ ವಾಸನೆ ಇನ್ನೂ ಮೂಗಿನಲ್ಲೇ ಇರುವ, ಬೇಟೆಯ ಹುರುಪು ಇಳಿಯದ ಆ ಗಳಿಗೆಯೇ ಕಚ್ಚಿಸಿಕೊಳ್ಳಲು ಅತ್ಯಂತ ಸುಲಭದ ಗಳಿಗೆ. ಹೊಟ್ಟೆಯ ಮೇಲೆ ಒತ್ತಡ ಬಿದ್ದು ನುಂಗಿದ್ದನ್ನು ಕಕ್ಕುವುದೂ ಆಗಲೇ. ಅದರ ಮೇಲೆ ಮಳೆಗಾಲದ ಕೋಣೆಯ 20 ಡಿಗ್ರಿ ಚಳಿಯಲ್ಲಿ ಅರ್ಧ ಗಂಟೆ ಡಬ್ಬಿವಾಸ.

ಗೂಡಿನಲ್ಲೇ ತಿನ್ನಿಸಿ. ಕೈಯ ಗೊಂದಲಕ್ಕೆ ಪರಿಹಾರ ಬೇರೆ ಇದೆ. ಊಟದ ದಿನ ಬಿಟ್ಟು ಉಳಿದ ದಿನ ಬಾಗಿಲು ತೆರೆದಾಗ, ಹಾವನ್ನು ಮುಟ್ಟುವ ಮೊದಲು ಕೊಕ್ಕೆಯಿಂದಲೋ ಸುತ್ತಿದ ಕಾಗದದಿಂದಲೋ ಮೈಯನ್ನು ಮೆಲ್ಲಗೆ ಎರಡು ಸಲ ತಟ್ಟಿ. ತಟ್ಟಿದರೆ ಊಟವಿಲ್ಲ, ಇಲಿ ಹಿಡಿದ ಇಕ್ಕಳ ಬಂದರೆ ಊಟ. ಕೆಲವು ವಾರಗಳಲ್ಲಿ ಹಾವಿಗೆ ಈ ವ್ಯತ್ಯಾಸ ರೂಢಿಯಾಗುತ್ತದೆ. ಬೇರೆ ಡಬ್ಬಿ ನಿಜಕ್ಕೂ ಬೇಕಾಗುವುದು ಒಂದೇ ಗೂಡಿನಲ್ಲಿ ಎರಡು ಹಾವುಗಳಿದ್ದಾಗ. ಒಂದೇ ಇಲಿಗೆ ಎರಡೂ ಬಾಯಿ ಹಾಕಿದರೆ ಒಂದು ಇನ್ನೊಂದನ್ನೇ ನುಂಗಲು ಹೊರಡಬಹುದು. ಅಸಲಿಗೆ ಎರಡನ್ನು ಒಟ್ಟಿಗೆ ಇಡುವುದೇ ತಪ್ಪು.

ಗೂಡಿನ ತಳಕ್ಕೆ ಹಾಸಿದ ತೆಂಗಿನ ನಾರು ಬಾಯಿಗೆ ಹೋಗುತ್ತದೆ ಎಂಬ ಭಯಕ್ಕೆ ಒಂದು ಹೆಂಚಿನ ಚೂರು ಸಾಕು. ಅಂಚು ಉಜ್ಜಿ ನಯ ಮಾಡಿದ ಹೆಂಚನ್ನೋ ಚಪ್ಪಟೆ ಕಡಪ ಕಲ್ಲನ್ನೋ ಅವಿತುಕೊಳ್ಳುವ ಗೂಡಿನ ಬಾಯಿಯೆದುರು ಇಟ್ಟು ಅದರ ಮೇಲೆ ಊಟ ಕೊಡಿ. ಒಂದೆರಡು ನಾರಿನ ಎಳೆ ಹೋದರೆ ಆರೋಗ್ಯವಂತ ಹಾವಿಗೆ ಏನೂ ಆಗದು. ಕೊಡಗಿನಲ್ಲಿ ಧಾರಾಳವಾಗಿ ಸಿಗುತ್ತದೆಂದು ಕಾಫಿ ಸಿಪ್ಪೆಯನ್ನು ಹಾಸಲು ಮಾತ್ರ ಹೋಗಬೇಡಿ. ಅದರಲ್ಲಿ ಕೆಫೀನ್ ಇದೆ, ತೇವಕ್ಕೆ ಬೇಗ ಬೂಷ್ಟು ಹಿಡಿಯುತ್ತದೆ.

ಏನು ತಿನ್ನಿಸಬೇಕು? ಇಡೀ ಇಲಿ. ಕೋಳಿಮಾಂಸದ ತುಂಡಿನಲ್ಲಿ ಮೂಳೆಯ ಸುಣ್ಣವಿಲ್ಲ, ಈಲಿಯ (ಪಿತ್ತಜನಕಾಂಗದ) ಜೀವಸತ್ವವಿಲ್ಲ. ಹಾಲಂತೂ ಯಾವ ಹಾವಿನ ಆಹಾರವೂ ಅಲ್ಲ. ನಾಗರಪಂಚಮಿಗೆ ಕುಡಿಯುವಂತೆ ಕಾಣುವುದು ದಿನಗಟ್ಟಲೆ ನೀರು ಕೊಡದೆ ಒಣಗಿಸಿದ ಹಾವು. ಆಹಾರಕ್ಕೆಂದೇ ಸಾಕಿ, ಕೊಂದು, ಮೈನಸ್ 18 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿದ ಬಿಳಿ ಇಲಿ ಎಲ್ಲಕ್ಕಿಂತ ಸುರಕ್ಷಿತ. ಜೀವಂತ ಇಲಿ ಹಸಿವಾಗಿ, ಹೆದರಿ ಹಾವಿನ ಬೆನ್ನನ್ನೇ ಮೂಳೆ ಕಾಣುವಷ್ಟು ಕಡಿದುಹಾಕಬಲ್ಲದು. ತೋಟದ, ಲೈನ್ ಮನೆಯ, ಅಟ್ಟದ ಇಲಿ ಹಿಡಿದು ಕೊಡುವುದು ಅದಕ್ಕಿಂತ ಕೆಟ್ಟದ್ದು. ಇಲಿ ಪಾಷಾಣಗಳಲ್ಲಿ ಬ್ರೋಮಾಡಿಯೋಲೋನ್ ಎಂಬುದೊಂದಿದೆ. ಅದನ್ನು ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ಓಡಾಡಿಕೊಂಡೇ ಇರುತ್ತದೆ. ವಿಷ ಅದರ ಈಲಿಯಲ್ಲಿ ಕೂತಿರುತ್ತದೆ, ಅದೇ ಇಲಿ ನಿಮ್ಮ ಬೋನಿಗೂ ಬೀಳುತ್ತದೆ. ಜೊತೆಗೆ ಇಲಿಜ್ವರದ ಬ್ಯಾಕ್ಟೀರಿಯಾ, ಹುಳುಗಳು.

ಇಲಿಯ ದಪ್ಪ ಹಾವಿನ ಮೈಯ ಅತಿ ದಪ್ಪ ಭಾಗದಷ್ಟಿದ್ದರೆ ಸರಿ. ತೂಕದ ಲೆಕ್ಕ ಇನ್ನೂ ನಂಬಿಕಸ್ತ. 60 ಗ್ರಾಂ ತೂಗುವ ಬಾಲ್ ಪೈಥಾನ್ ಮರಿಗೆ ಅದರ ತೂಕದ ಶೇ. 10ರಿಂದ 15, ಅಂದರೆ 6ರಿಂದ 9 ಗ್ರಾಂ ಇಲಿ, ವಾರಕ್ಕೊಮ್ಮೆ. ಒಂದೂವರೆ ಕಿಲೋದ ವಯಸ್ಕ ಹಾವಿಗೆ ಶೇ. 5ರಷ್ಟು, ಸುಮಾರು 75 ಗ್ರಾಂ, ಎರಡು ಮೂರು ವಾರಕ್ಕೊಮ್ಮೆ. ಮನೆಯ ಹಾವುಗಳಲ್ಲಿ ಹಸಿವಿನಿಂದ ಬಳಲುವುದಕ್ಕಿಂತ ಕೊಬ್ಬಿ ಕೆಡುವವೇ ಹೆಚ್ಚು.

ಹಿಂದಿನ ರಾತ್ರಿ ಇಲಿಯನ್ನು ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಖಾನೆಗೆ, ಮುಚ್ಚಳವಿರುವ ಬೇರೆ ಡಬ್ಬಿಯಲ್ಲಿ ಇಳಿಸಿ. ಮಾರನೆಯ ಸಂಜೆ ಜಿಪ್ ಚೀಲದಲ್ಲಿ ಹಾಕಿ, ಕೈ ತಾಳುವಷ್ಟು ಬಿಸಿಯ, 40–45 ಡಿಗ್ರಿ ನೀರಿನಲ್ಲಿ 20–30 ನಿಮಿಷ ಮುಳುಗಿಸಿ; ನೀರು ಆರಿದರೆ ಬದಲಿಸಿ. ಕುದಿಯುವ ನೀರಾದರೆ ಇಲಿಯ ಚರ್ಮ ಬಿರಿಯುತ್ತದೆ. ಮೈಕ್ರೋವೇವ್ ಒಂದು ಕಡೆ ಬೇಯಿಸಿ ಇನ್ನೊಂದು ಕಡೆ ಮಂಜುಗಡ್ಡೆ ಉಳಿಸುತ್ತದೆ. ಹೊಟ್ಟೆಯನ್ನು ಬೆರಳಿಂದ ಒತ್ತಿ ನೋಡಿ: ಒಳಗೆ ಗಟ್ಟಿ ಸಿಕ್ಕರೆ ಇನ್ನೂ ಆಗಿಲ್ಲ. ಆಮೇಲೆ ಕಾಗದದಿಂದ ಒರೆಸಿ, ತಲೆಯ ಭಾಗವನ್ನು ಮಾತ್ರ 38–40 ಡಿಗ್ರಿಗೆ ಬಿಸಿ ಮಾಡಿ. ಹೇರ್ ಡ್ರೈಯರಿನ ಹತ್ತಿಪ್ಪತ್ತು ಸೆಕೆಂಡು ಸಾಕು. ಅಡುಗೆಮನೆಯ ಪಾತ್ರೆ, ಸಿಂಕು ಇದಕ್ಕೆ ಬೇಡ. ಇಲಿಯಲ್ಲೂ ಹಾವಿನಲ್ಲೂ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ತಲೆಗೇಕೆ ಬಿಸಿ? ಬಾಲ್ ಪೈಥಾನಿನ ತುಟಿಯಂಚಿನಲ್ಲಿ ಶಾಖವನ್ನು ಗ್ರಹಿಸುವ ಗುಳಿಗಳಿವೆ. ಅವುಗಳ ನರಗಳಲ್ಲಿ ಟಿಆರ್‌ಪಿಎ1 ಎಂಬ ಪ್ರೋಟೀನ್ ಈ ಕೆಲಸ ಮಾಡುತ್ತದೆಂದು 2010ರಲ್ಲಿ ತೋರಿಸಿದ ತಂಡದಲ್ಲಿ, 2021ರ ನೊಬೆಲ್ ಪಡೆದ ಡೇವಿಡ್ ಜೂಲಿಯಸ್ ಇದ್ದರು. ತಣ್ಣಗಿನ ಇಲಿ ಈ ಗುಳಿಗಳಿಗೆ ಕಲ್ಲಿನಂತೆ. ತಲೆ ಬೆಚ್ಚಗಿದ್ದರೆ ಹಾವು ತಲೆಗೇ ಗುರಿಯಿಡುತ್ತದೆ. ತಲೆಯಿಂದ ನುಂಗಿದರೆ ಇಲಿಯ ಕಾಲುಗಳು ಮಡಚಿಕೊಂಡು ಸಲೀಸಾಗಿ ಇಳಿಯುತ್ತವೆ. ಕಾರ್ನ್ ಸ್ನೇಕಿಗೆ ಈ ಗುಳಿಗಳಿಲ್ಲ, ಅದರದ್ದು ನಾಲಗೆಯ ವಾಸನೆಯ ಲೆಕ್ಕ. ಸ್ವಲ್ಪ ತಣಿದಿದ್ದರೂ ತಿನ್ನುತ್ತದೆ.

ಊಟಕ್ಕೆ ಕತ್ತಲಾದ ಮೇಲೆ, ಮಂದ ಬೆಳಕಿನಲ್ಲಿ ಕೂರಿ. ಮೊಂಡು ತುದಿಯ, 30–40 ಸೆಂ.ಮೀ. ಉದ್ದದ ಇಕ್ಕಳದಲ್ಲಿ ಇಲಿಯ ಹೆಗಲ ಹಿಂದಿನ ಭಾಗ ಹಿಡಿದು, ಹಾವಿನ ತಲೆಯಿಂದ 10–15 ಸೆಂ.ಮೀ. ದೂರದಲ್ಲಿ, ಪಕ್ಕದಿಂದ, ಮೆಲ್ಲಗೆ ಆಡಿಸಿ. ಮುಖಕ್ಕೆ ತಿವಿಯಬೇಡಿ. ಕಚ್ಚಿ ಸುತ್ತಿದ ಕೂಡಲೇ ಇಕ್ಕಳ ಬಿಟ್ಟು ಬಾಗಿಲು ಮುಚ್ಚಿ. ಸುತ್ತುವುದು ಉಸಿರು ಕಟ್ಟಿಸಲು ಎಂದು ನಾವೆಲ್ಲ ಓದಿದ್ದೆವು; ನಿಜವಾಗಿ ನಿಲ್ಲುವುದು ರಕ್ತದ ಓಟ. ಬೋವಾಗಳ ಮೇಲೆ 2012ರಲ್ಲಿ ಪ್ರಕಟವಾದ ಸ್ಕಾಟ್ ಬೋಬ್ಯಾಕ್ ತಂಡದ ಪ್ರಯೋಗದಲ್ಲಿ, ಸತ್ತ ಇಲಿಯೊಳಗೆ ಕೃತಕ ಎದೆಬಡಿತ ಇಟ್ಟಾಗ ಹಾವುಗಳು ಹೆಚ್ಚು ಹೊತ್ತು ಬಿಗಿದವು, ಬಡಿತ ನಿಂತಾಗ ಸಡಿಲಿಸಿದವು. ನೀವು ಕೊಟ್ಟ ಸತ್ತ ಇಲಿಯನ್ನು ನಿಮ್ಮ ಹಾವು ಬೇಗ ಸಡಿಲಿಸಿದರೆ ಗಾಬರಿ ಬೇಡ.

ಇಪ್ಪತ್ತು ನಿಮಿಷವಾದರೂ ಮುಟ್ಟದಿದ್ದರೆ ಇಲಿಯನ್ನು ಹೆಂಚಿನ ಮೇಲಿಟ್ಟು ದೀಪ ಆರಿಸಿ. ಬೆಳಿಗ್ಗೆ ಉಳಿದಿದ್ದರೆ ಹೂತುಬಿಡಿ, ಮತ್ತೆ ಫ್ರೀಜರಿಗೆ ಇಡಬೇಡಿ. ಹೀಗೆ ರಾತ್ರಿ ಬಿಡುವಾಗ ಇರುವೆಗಳ ನೆನಪಿರಲಿ: ಹಳೆಯ ಕಾಲದ ತಿಂಡಿ ಬೀರುವಿನಂತೆ ಗೂಡಿನ ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಕಣ್ಣು ಹಾಲುನೀಲಿಯಾಗಿದ್ದರೆ ಪೊರೆ ಕಳಚುವ ಹೊತ್ತು, ಊಟದ ಯೋಚನೆ ಬಿಡಿ. ಬಾಲ್ ಪೈಥಾನ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸ ಮಾಡುತ್ತದೆ, ತೂಕ ಶೇ. 10ಕ್ಕಿಂತ ಹೆಚ್ಚು ಇಳಿದರೆ ಪಶುವೈದ್ಯರಿಗೆ ತೋರಿಸಿ. ಹಾವು ನೋಡುವ ವೈದ್ಯರು ಎಲ್ಲಿದ್ದಾರೆಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಮೇಲು.

ಅಕಸ್ಮಾತ್ ಕೈಗೆ ಕಚ್ಚಿ ಹಿಡಿದರೆ ಎಳೆಯಬೇಡಿ. ಹಲ್ಲುಗಳು ಹಿಂದಕ್ಕೆ ಬಾಗಿವೆ. ಎಳೆದಷ್ಟೂ ನಿಮ್ಮ ಚರ್ಮ ಹರಿಯುತ್ತದೆ, ಹಾವಿನ ಹಲ್ಲು ಮುರಿಯುತ್ತದೆ. ನಲ್ಲಿಯ ತಣ್ಣೀರು ಬಿಡಿ, ಇಲ್ಲವೇ ಬಾಯಿಯ ಅಂಚಿಗೆ ಒಂದೆರಡು ಹನಿ ಸ್ಯಾನಿಟೈಸರ್. ಬಿಟ್ಟ ಮೇಲೆ ಸೋಪಿನಲ್ಲಿ ತೊಳೆದು ಟೆಟನಸ್ ಚುಚ್ಚುಮದ್ದಿನ ಬಗ್ಗೆ ಡಾಕ್ಟರನ್ನು ಕೇಳಿ.

ನುಂಗಿದ ನಂತರದ 48 ಗಂಟೆ ಹಾವನ್ನು ಮುಟ್ಟಲೇಬಾರದು. ಹೊರಗೆ ಸುಮ್ಮನೆ ಬಿದ್ದಂತೆ ಕಂಡರೂ ಒಳಗೆ ದೊಡ್ಡ ಗಡಿಬಿಡಿ ನಡೆದಿರುತ್ತದೆ. ಬರ್ಮಾ ಹೆಬ್ಬಾವುಗಳ ಮೇಲಿನ ಅಧ್ಯಯನಗಳಲ್ಲಿ, ಊಟವಾದ ಒಂದೆರಡು ದಿನದಲ್ಲಿ ಸಣ್ಣ ಕರುಳಿನ ತೂಕ ಸುಮಾರು ಇಮ್ಮಡಿಯಾಗುವುದು, ಹೆಚ್ಚುಕಮ್ಮಿ ತಟಸ್ಥವಾಗಿದ್ದ ಜಠರ ಕಟು ಆಮ್ಲದ ತೊಟ್ಟಿಯಾಗುವುದು ಕಂಡಿದೆ. ಈ ಯಂತ್ರ ಓಡಲು ಬಿಸಿ ಬೇಕು: ಬಾಲ್ ಪೈಥಾನಿಗೆ ಗೂಡಿನ ಒಂದು ಕಡೆ 31–33 ಡಿಗ್ರಿ, ತಂಪಿನ ಕಡೆ 25–27, ಕಾರ್ನ್ ಸ್ನೇಕಿಗೆ ಬಿಸಿಯ ಕಡೆ 28–30. ಗೂಡನ್ನು ಬಿಸಿಯಿಡುವ ವಿದ್ಯುತ್ ಹಾಸಿಗೆ, ಅಂದರೆ ಹೀಟ್ ಮ್ಯಾಟಿಗೆ, ಬಿಸಿ ಮಿತಿಮೀರದಂತೆ ಕಾಯುವ ಥರ್ಮೋಸ್ಟಾಟ್ ಇರಲೇಬೇಕು, ಇಲ್ಲವಾದರೆ ಹೊಟ್ಟೆಯಡಿ ಸುಟ್ಟುಹೋಗುತ್ತದೆ. ಬಿಸಿ ತಪ್ಪಿ ಹಾವು ಕಕ್ಕಿದರೆ ಮರುದಿನವೇ ಇನ್ನೊಂದು ಇಲಿ ಕೊಡಬೇಡಿ. ಆಮ್ಲದಿಂದ ಅನ್ನನಾಳ ಉರಿದಿರುತ್ತದೆ. ನೀರು ಮಾತ್ರ ಇಟ್ಟು 10–14 ದಿನ ಕಾದು, ಮೊದಲಿನ ಅರ್ಧದಷ್ಟು ಗಾತ್ರದ ಇಲಿ ಕೊಡಿ. ಎರಡನೇ ಸಲವೂ ಕಕ್ಕಿದರೆ ವೈದ್ಯರ ಕೆಲಸ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊಟದ ದಿನವನ್ನು ಕ್ಯಾಲೆಂಡರ್ ನೋಡಿ ಅಲ್ಲ, ಕರೆಂಟ್ ನೋಡಿ ನಿಶ್ಚಯಿಸಿ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ತೋಟದ ಮನೆಗಳಿಗೆ ಎರಡು ಮೂರು ದಿನ ವಿದ್ಯುತ್ ಬಾರದಿರುವುದು ಹೊಸದಲ್ಲ. ಭಾರಿ ಮಳೆಯ ಮುನ್ಸೂಚನೆ ಇದ್ದರೆ ಊಟ ಮುಂದಕ್ಕೆ ಹಾಕಿ. ವಯಸ್ಕ ಹಾವಿಗೆ ಒಂದು ವಾರ ತಡವಾದರೆ ಏನೂ ನಷ್ಟವಿಲ್ಲ. ಮಳೆಗಾಲದುದ್ದಕ್ಕೂ ಇಲಿಯ ಗಾತ್ರ ಒಂದು ಅಳತೆ ಕಡಿಮೆ ಇರಲಿ, ಸಣ್ಣದು ಬೇಗ ಕರಗುತ್ತದೆ. ತಿನ್ನಿಸಿದ ರಾತ್ರಿಯೇ ಕರೆಂಟ್ ಹೋದರೆ ಹಾವನ್ನು ಎತ್ತಬೇಡಿ. ಗೂಡಿನ ಮೇಲೆ ಕಂಬಳಿ ಹೊದಿಸಿ ಗಾಳಿಕಿಂಡಿ ಮಾತ್ರ ತೆರೆದಿಡಿ. ಎರಡು ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಬಿಸಿಯ ಕಡೆಯ ಗೋಡೆಗೆ ಒಳಗಿನಿಂದ ಒರಗಿಸಿ, ಎರಡು ಮೂರು ಗಂಟೆಗೊಮ್ಮೆ ಬದಲಿಸುತ್ತಿರಿ.

ಫ್ರೀಜರಿನ ಇಲಿಗಳಿಗೂ ಒಂದು ಕಾವಲು ಇಡಿ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯವಿಟ್ಟು ಫ್ರೀಜರಿನಲ್ಲೇ ಬಿಡಿ. ನಾಲ್ಕು ದಿನ ಊರಿಗೆ ಹೋಗಿ ಬಂದಾಗ ಎಲ್ಲವೂ ಗಟ್ಟಿಯಾಗಿಯೇ ಕಾಣಬಹುದು. ಆದರೆ ನಾಣ್ಯ ಲೋಟದ ತಳದಲ್ಲಿದ್ದರೆ, ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಆ ಇಲಿಗಳನ್ನು ಗುಂಡಿ ತೋಡಿ ಹೂಳಿ.