ಕಿಮೋ ನಡುವೆ ಒಣಕೆಮ್ಮು ಬಂದರೆ ಸಿರಪ್ ಕುಡಿದು ಸುಮ್ನಿರಬೇಡಿ

ಕಿಮೋ ಅಂದರೆ ಕೂದಲು ಉದುರುವುದು, ವಾಂತಿ, ಬಾಯಿಹುಣ್ಣು. ಇಷ್ಟು ಎಲ್ಲರಿಗೂ ಗೊತ್ತು. ಕೆಲವು ಔಷಧಿಗಳಿಂದ ಶ್ವಾಸಕೋಶಕ್ಕೂ ಪೆಟ್ಟು ಬೀಳಬಹುದು ಎಂಬುದು ಎಷ್ಟೋ ಮನೆಗಳಲ್ಲಿ ತಿಳಿದೇ ಇರುವುದಿಲ್ಲ. ಇದರಲ್ಲಿ ನಾವು ವೈದ್ಯರು ತುಂಬಾ ಎಚ್ಚರದಿಂದ ಬಳಸುವ ಔಷಧಿ ಬ್ಲಿಯೋಮೈಸಿನ್.

1960ರ ದಶಕದಲ್ಲಿ ಜಪಾನಿನ ಹಮಾವೊ ಉಮೆಜಾವಾ ಅವರ ತಂಡ ಇದನ್ನು ಕಂಡುಹಿಡಿಯಿತು. ಹಾಜ್ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್‌ಗೆ ಮತ್ತು ವೃಷಣದ ಕ್ಯಾನ್ಸರ್‌ಗೆ ಈಗಲೂ ಕೊಡುತ್ತೇವೆ. ಎರಡೂ ಹೆಚ್ಚಾಗಿ ಹರೆಯದವರಿಗೆ ಬರುವ ಕಾಯಿಲೆಗಳು, ಬಹುಪಾಲು ವಾಸಿಯಾಗುವಂಥವು. ಇಪ್ಪತ್ತೈದರ ಹುಡುಗ ಗುಣವಾಗಿ ಮನೆಗೆ ಹೋದಮೇಲೆ ಅವನ ಶ್ವಾಸಕೋಶ ಇನ್ನೂ ಐವತ್ತು ವರ್ಷ ಬಾಳಬೇಕು, ಅಲ್ವಾ?

ಈ ಔಷಧಿಯನ್ನು ಒಡೆದುಹಾಕುವ ಕಿಣ್ವವೊಂದು ನಮ್ಮ ದೇಹದಲ್ಲಿದೆ. ಶ್ವಾಸಕೋಶ ಮತ್ತು ಚರ್ಮದಲ್ಲಿ ಅದು ಕಡಿಮೆ. ಹಾಗಾಗಿ ಏಟು ಅಲ್ಲೇ ಬೀಳುತ್ತದೆ. ಔಷಧಿ ಹೊರಹೋಗುವುದು ಮುಖ್ಯವಾಗಿ ಮೂತ್ರದ ಮೂಲಕ. ಕಿಡ್ನಿ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ. ವೃಷಣದ ಕ್ಯಾನ್ಸರ್‌ಗೆ ಇದರ ಜೊತೆ ಕೊಡುವ ಸಿಸ್ಪ್ಲಾಟಿನ್ ಕಿಡ್ನಿಗೇ ತೊಂದರೆ ಕೊಡಬಲ್ಲದು. ಪ್ರತಿ ಸಲ ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ಎಂದು ಪಟ್ಟು ಹಿಡಿಯುವುದು ಇದಕ್ಕೇ. ವಯಸ್ಸು ನಲವತ್ತು ದಾಟಿದವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಎದೆಗೆ ರೇಡಿಯೇಷನ್ ಆದವರಿಗೆ ಅಪಾಯ ಜಾಸ್ತಿ. ಒಟ್ಟು ಡೋಸ್ 400 ಯೂನಿಟ್ ದಾಟಿದರೆ ತೀರಾ ಜಾಸ್ತಿ. ಅದಕ್ಕಿಂತ ಕಡಿಮೆ ಡೋಸಿನಲ್ಲೂ ಆಗುವುದುಂಟು.

ಶುರುವಾಗುವುದು ಸಣ್ಣದಾಗಿ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಕೆಲವರಿಗೆ ಜ್ವರ. ಊರಿನಲ್ಲಿದ್ದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಾರೆ. ಕಿಮೋ ವಿಷಯ ಹೇಳದಿದ್ದರೆ ಸಿರಪ್ಪು, ಆ್ಯಂಟಿಬಯಾಟಿಕ್ಕು ಸಿಗುತ್ತದೆ. ಎಕ್ಸ್‌ರೇ ಮೊದಮೊದಲು ಸರಿಯಾಗೇ ಕಾಣಬಹುದು. ಸಿಟಿ ಸ್ಕ್ಯಾನಿನಲ್ಲಿ ಬೇಗ ಗೊತ್ತಾಗುತ್ತದೆ. ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ಎಷ್ಟು ಚೆನ್ನಾಗಿ ದಾಟುತ್ತಿದೆ ಎಂದು ಅಳೆಯುವ ಡಿಎಲ್‌ಸಿಒ ಪರೀಕ್ಷೆಯೂ ಇದೆ. ಸೋಂಕು, ಟಿಬಿ ಇಲ್ಲವೆಂದು ಖಚಿತ ಮಾಡಿಕೊಳ್ಳಲೇಬೇಕು. ಔಷಧಿಯಿಂದಲೇ ಎಂದು ಗೊತ್ತಾದರೆ ಬ್ಲಿಯೋಮೈಸಿನ್ ನಿಲ್ಲಿಸಿ, ಬೇಕಾದರೆ ಸ್ಟಿರಾಯ್ಡ್ ಕೊಡುತ್ತೇವೆ. ಬೇಗ ಹಿಡಿದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ. ಗಾಯ ಗಟ್ಟಿಯಾಗಿ ಕಲೆ ಕಟ್ಟಿದ ಜಾಗ ಮಾತ್ರ ಮೊದಲಿನಂತಾಗುವುದಿಲ್ಲ. ಜೀವಕ್ಕೇ ಕುತ್ತು ಬರುವುದೂ ಇದೆ.

‘ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡ್ತಾರೆ’ ಎಂದು ಕೆಮ್ಮನ್ನು ಮುಚ್ಚಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಔಷಧಿ ಬಿಟ್ಟರೆ ಚಿಕಿತ್ಸೆಯೇ ನಿಂತಂತಲ್ಲ. ಹಾಜ್ಕಿನ್‌ನಲ್ಲಿ ಎರಡು ಸುತ್ತು ಕಿಮೋ ನಂತರ, ಕ್ಯಾನ್ಸರ್ ಇನ್ನೂ ಉಳಿದಿದೆಯೇ ಎಂದು ನೋಡುವ ಪೆಟ್ ಸ್ಕ್ಯಾನ್ ಚೆನ್ನಾಗಿ ಬಂದವರಿಗೆ ಬ್ಲಿಯೋಮೈಸಿನ್ ಬಿಟ್ಟು ಉಳಿದ ಔಷಧಿ ಮುಂದುವರಿಸಿದರೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ ಇತ್ತು, ಶ್ವಾಸಕೋಶದ ತೊಂದರೆ ಕಡಿಮೆಯಾಯಿತು. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಇದನ್ನು ತೋರಿಸಿತು. ವೃಷಣದ ಕ್ಯಾನ್ಸರ್ ಆಗಿದ್ದ ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗೆ 1996ರಲ್ಲಿ ಶ್ವಾಸಕೋಶ ಉಳಿಸಲೆಂದೇ ಬ್ಲಿಯೋಮೈಸಿನ್ ಬಿಟ್ಟು ಬೇರೆ ಔಷಧಿ ಕೊಟ್ಟರು.

ಇನ್ನೊಂದು ಮಾತು. ಬ್ಲಿಯೋಮೈಸಿನ್ ಪಡೆದವರಿಗೆ ಮುಂದೆ ಅಪೆಂಡಿಕ್ಸೋ ಹೆರಿಗೆಯೋ ಎಂದು ಆಪರೇಷನ್ ಬಂದರೆ, ಅನಸ್ತೇಶಿಯಾ ಡಾಕ್ಟರಿಗೆ ಮೊದಲೇ ಹೇಳಬೇಕು. ಅಗತ್ಯಕ್ಕಿಂತ ಜಾಸ್ತಿ ಆಮ್ಲಜನಕ ಕೊಟ್ಟರೆ ಶ್ವಾಸಕೋಶ ಮತ್ತೆ ಕೆರಳಬಹುದು. ಹಾಗಂತ ಉಸಿರು ಕಟ್ಟುತ್ತಿರುವಾಗ ಆಕ್ಸಿಜನ್ ಬೇಡ ಅನ್ನಬಾರದು. ಎಷ್ಟು ಬೇಕೋ ಅಷ್ಟನ್ನು ಅವರು ಅಳೆದು ಕೊಡುತ್ತಾರೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಔಷಧಿಯ ಹೆಸರು, ಒಟ್ಟು ಡೋಸ್, ಕೊನೆಯ ಇಂಜೆಕ್ಷನ್ ತಾರೀಕು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಂಡು, ಮೊಬೈಲಿನಲ್ಲೂ ಒಂದು ಫೋಟೋ ಇಟ್ಟುಕೊಳ್ಳಿ.