ಸ್ಕ್ಯಾಲ್ಪರ್ ಎಂದರೆ ಯಾರು? ಆಟಿಕೆ ಕಾರಿನ ಕೊಕ್ಕೆ ಖಾಲಿ ಮಾಡುವವರೆಲ್ಲ ಅಲ್ಲ

ಆಟಿಕೆ ಕಾರು ಕೂಡಿಡುವವರು ನಮ್ಮ ಕಾಸರಗೋಡಿನ ಕಡೆಯಲ್ಲೂ ಈಗ ಸುಮಾರು ಜನ ಇದ್ದಾರೆ. ಅವರ ಮಾತಿನಲ್ಲಿ ಆಗಾಗ ಬರುವ ಪದ 'ಸ್ಕ್ಯಾಲ್ಪರ್'. ಹೆಚ್ಚಾಗಿ ಸಿಟ್ಟಿನಲ್ಲೇ ಬರುತ್ತದೆ. ಅಂಗಡಿಯಲ್ಲಿ ಕಾರು ನೇತುಹಾಕುವ ಕೊಕ್ಕೆಗಳು ಖಾಲಿ ಕಂಡರೆ ಸಾಕು, "ಸ್ಕ್ಯಾಲ್ಪರ್ ಬಂದು ಹೋಗಿದ್ದಾನೆ" ಅನ್ನುತ್ತಾರೆ. ಯಾರಾದರೂ ಕೈತುಂಬ ಕಾರು ಹಿಡಿದು ಬಿಲ್ ಮಾಡಿಸಲು ನಿಂತರೆ ಅವರಿಗೂ ಅದೇ ಹೆಸರು. ಹೀಗೆ ಸಿಕ್ಕಿದವರಿಗೆಲ್ಲ ಅಂಟಿಸುತ್ತಾ ಹೋದರೆ, ಕಾರುಗಳನ್ನು ಪ್ರೀತಿಯಿಂದ ಕೂಡಿಡುವವರ ಮೇಲೂ ಸುಮ್ನೆ ಅಪವಾದ ಬೀಳುತ್ತದೆ. ನಿಜವಾದ ಸ್ಕ್ಯಾಲ್ಪರ್ ಮಾತ್ರ ಆ ಗದ್ದಲದಲ್ಲಿ ಕಾಣದೆ ತಪ್ಪಿಸಿಕೊಳ್ಳುತ್ತಾನೆ. ಅದಕ್ಕೇ ಈ ಹೆಸರು ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂದು ಬಿಡಿಸಿ ನೋಡಬೇಕು.

ಸ್ಕ್ಯಾಲ್ಪರ್ ಎಂದರೆ, ಕಡಿಮೆ ಸಂಖ್ಯೆಯಲ್ಲಿ ಬರುವ ಮತ್ತು ಜನ ಹುಡುಕುತ್ತಿರುವ ಮಾಲನ್ನು ಅಂಗಡಿಯ ಬೆಲೆಗೇ ಪೂರಾ ಎತ್ತಿಕೊಂಡು, ಅಂಗಡಿ ಖಾಲಿಯಾದ ಮೇಲೆ ಅದೇ ಜನರಿಗೆ ಹೆಚ್ಚು ಬೆಲೆಗೆ ಮಾರುವವನು. ಇದರಲ್ಲಿ ಮುಖ್ಯ ಭಾಗ ಕೊನೆಯದು. ಕೊಳ್ಳುವವರು ಅದೇ ಊರಿನವರು, ಅದೇ ಅಂಗಡಿಗೆ ಬರುತ್ತಿದ್ದವರು. ಇವನು ನಡುವೆ ಬರದಿದ್ದರೆ ಕಾರು ಅವರಿಗೆ ಮುದ್ರಿತ ಬೆಲೆಗೇ ಸಿಗುತ್ತಿತ್ತು. ಅವರು ಜಾಸ್ತಿ ಕೊಡುವ ದುಡ್ಡು ಕಾರಿಗಲ್ಲ, ಇವನೇ ಉಂಟುಮಾಡಿದ ಕೊರತೆಗೆ.

ಪದ ಹಳೆಯದು. 19ನೇ ಶತಮಾನದ ಅಮೆರಿಕದಲ್ಲಿ ರೈಲು ಟಿಕೆಟಿನ ಉಳಿದ ಭಾಗವನ್ನು ಕೊಂಡು ಮರುಮಾರಾಟ ಮಾಡುತ್ತಿದ್ದವರಿಗೆ ಈ ಹೆಸರಿತ್ತು. ಆಮೇಲೆ ನಾಟಕ, ಆಟದ ಪಂದ್ಯಗಳ ಟಿಕೆಟಿಗೆ ಬಂತು. ನಮ್ಮಲ್ಲಿ ಟಾಕೀಸಿನ ಹೊರಗೆ ಬ್ಲ್ಯಾಕಲ್ಲಿ ಟಿಕೆಟ್ ಮಾರುತ್ತಿದ್ದದ್ದೂ ಇದೇ ಕೆಲಸ. ಈಗ ಶೂ, ಗೇಮ್ ಯಂತ್ರ, ಕಾರ್ಡು, ಗೊಂಬೆಗಳಿಗೂ ಹರಡಿದೆ. ಅಮೆರಿಕದ ಟಾರ್ಗೆಟ್ ಅಂಗಡಿಗಳು 2021ರ ಮೇ ತಿಂಗಳಲ್ಲಿ ಪೋಕೆಮಾನ್ ಕಾರ್ಡುಗಳನ್ನು ಅಂಗಡಿಯೊಳಗೆ ಮಾರುವುದನ್ನೇ ನಿಲ್ಲಿಸಬೇಕಾಯಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಲಬುಬು ಗೊಂಬೆಗಳಿಗಾಗಿ ಜಗಳವಾಗಿ, ಅವನ್ನು ಮಾರುವ ಪಾಪ್ ಮಾರ್ಟ್ ಅಂಗಡಿಗಳೂ ಹಾಗೇ ಮಾಡಿದವು.

ನಮ್ಮ ಕಡೆ ಈ ಮಾತು ಹೆಚ್ಚಾಗಿ ಕೇಳಿಬರುವುದು ಹಾಟ್ ವೀಲ್ಸ್ ಕಾರುಗಳ ವಿಷಯದಲ್ಲಿ. ಅಂಗೈಯಲ್ಲಿ ಹಿಡಿಸುವ, ನಿಜವಾದ ಕಾರಿನ 64ನೇ ಒಂದು ಪಾಲಿನ ಅಳತೆಯ ಲೋಹದ ಕಾರುಗಳು. ಮ್ಯಾಟೆಲ್ ಕಂಪನಿ 1968ರಲ್ಲಿ 16 ಮಾದರಿಗಳೊಂದಿಗೆ ಶುರು ಮಾಡಿತು. ಇಷ್ಟು ಸಾಮಾನ್ಯ ಆಟಿಕೆಯಲ್ಲಿ ಕೊರತೆ ಹೇಗೆ ಬಂತು? ಕಂಪನಿಯೇ ಬೇಕೆಂದು ತಂದ ಕೊರತೆ ಇದು. 1995ರಲ್ಲಿ 'ಟ್ರೆಷರ್ ಹಂಟ್' ಎಂಬ ಸಾಲು ಬಂತು. 12 ಮಾದರಿಗಳು, ಒಂದೊಂದೂ 10,000 ಮಾತ್ರ. ಅವನ್ನು ಮಾಮೂಲಿ ಕಾರುಗಳ ನಡುವೆ ಬೆರೆಸಿ, ಅದೇ ಬೆಲೆಗೆ ಅಂಗಡಿಗೆ ಕಳಿಸಿದರು. ಹುಡುಕುವುದೇ ಒಂದು ಆಟವಾಗಲಿ ಎಂಬುದು ಉದ್ದೇಶ. 2007ರಿಂದ ಅದರಲ್ಲೇ ಇನ್ನೂ ಅಪರೂಪದ್ದು ಬೇರೆಯಾಯಿತು. ಅದನ್ನು ಸೂಪರ್ ಟ್ರೆಷರ್ ಹಂಟ್ ಅನ್ನುತ್ತಾರೆ, ನಮ್ಮ ಹುಡುಗರ ಬಾಯಲ್ಲಿ ಬರೀ 'ಸೂಪರ್'. ಹೊಳೆಯುವ ವಿಶೇಷ ಬಣ್ಣ, ಪ್ಲಾಸ್ಟಿಕ್ ಬದಲು ರಬ್ಬರಿನ ಟಯರು, ಕಾರಿನ ಮೈಮೇಲೆ ಎಲ್ಲೋ 'ಟಿ.ಎಚ್.' ಗುರುತು. ಈಗೀಗ ಬರುವವುಗಳಲ್ಲಿ ಕಾರಿನ ಹಿಂದಿನ ಕಾರ್ಡಿನ ಮೇಲೆ ಚಿನ್ನದ ಬಣ್ಣದ ಪುಟ್ಟ ಜ್ವಾಲೆಯೂ ಇರುತ್ತದೆ. ಅಂಗಡಿಯಲ್ಲಿ ಪಕ್ಕದ ಕಾರಿನದೇ ಬೆಲೆ, ಹೊರಗೆ ಅದರ ಹತ್ತಾರು ಪಟ್ಟು.

ಕಾರುಗಳು ಅಂಗಡಿಗೆ ಬರುವುದು ಬೆರಕೆ ಪೆಟ್ಟಿಗೆಯಲ್ಲಿ. ಅಮೆರಿಕದಲ್ಲಿ ಸಾಧಾರಣವಾಗಿ ಒಂದು ಪೆಟ್ಟಿಗೆಗೆ 72 ಕಾರು. ಯಾವ ಮಾದರಿ ಎಷ್ಟು ಎಂದು ಆರಿಸಿ ತರಿಸಲು ಅಂಗಡಿಯವರಿಗೆ ಆಗುವುದಿಲ್ಲ. ಎಲ್ಲ ಪೆಟ್ಟಿಗೆಯಲ್ಲೂ ಸೂಪರ್ ಇರುವುದಿಲ್ಲ. ಜನ ಮುಗಿಬೀಳುವ ನಿಸ್ಸಾನ್ ಸ್ಕೈಲೈನ್, ಪೋರ್ಶೆ 911ರಂಥವು ಬಂದರೂ ಕೆಲವೇ ಬರುತ್ತವೆ.

ದೊಡ್ಡ ಊರಿಗೂ ನಮಗೂ ಇರುವ ವ್ಯತ್ಯಾಸ ಇಲ್ಲೇ. ಬೆಂಗಳೂರಿನಲ್ಲಿ ಒಂದು ಅಂಗಡಿ ಖಾಲಿಯಾದರೆ ಹತ್ತು ಅಂಗಡಿ ಉಂಟು, ಫೋನಿನಲ್ಲಿ ತರಿಸಿಕೊಳ್ಳುವ ದಾರಿಯೂ ಉಂಟು. ಬದಿಯಡ್ಕ, ಕುಂಬಳೆ, ಉಪ್ಪಳದಂಥ ಪೇಟೆಯಲ್ಲಿ ಕಾರು ತರಿಸುವ ಅಂಗಡಿ ಒಂದೋ ಎರಡೋ. ಒಂದು ಪೆಟ್ಟಿಗೆ ಬಂದರೆ ಮುಂದಿನದು ಯಾವಾಗ ಎಂದು ಅಂಗಡಿಯವರಿಗೂ ಹೇಳಲಿಕ್ಕೆ ಬರುವುದಿಲ್ಲ. ಹಾಗಾಗಿ ಒಬ್ಬನು ಪೂರಾ ಎತ್ತಿಕೊಂಡು ಹೋದರೆ ಆ ಊರಿನ ಪಾಲು ಮುಗಿದ ಹಾಗೆಯೇ. ಬೇಕಾದವರು ದೂರದ ಮಂಗಳೂರಿಗೆ ಹೋಗಬೇಕು, ಇಲ್ಲವೇ ಎತ್ತಿದವನಿಗೇ ಮೆಸೇಜ್ ಹಾಕಬೇಕು. ಅಲ್ಲಿಂದ ಬರುವ ಉತ್ತರ ಕಾರಿನ ಫೋಟೋ ಮತ್ತು ಹೊಸ ಬೆಲೆ.

ಮಕ್ಕಳಿಗೆ ಇದರಿಂದ ನಷ್ಟವಿಲ್ಲ ಎನ್ನುವವರಿದ್ದಾರೆ. ಮಕ್ಕಳಿಗೆ ಬೇಕಾದದ್ದು ಡೈನೊಸಾರ್ ಕಾರು, ಶಾರ್ಕ್ ಕಾರು, ಅವನ್ನು ಸ್ಕ್ಯಾಲ್ಪರ್ ಮುಟ್ಟುವುದೇ ಇಲ್ಲ ಎಂಬ ವಾದ. ಅರ್ಧ ನಿಜ. ಅಂಥ ಕಲ್ಪನೆಯ ಕಾರುಗಳು ವಾರಗಟ್ಟಲೆ ಕೊಕ್ಕೆಯಲ್ಲೇ ನೇತಾಡುತ್ತವೆ. ಆದರೆ ನಮ್ಮ ಊರಿನ ಎಷ್ಟು ಮಕ್ಕಳ ಅಪ್ಪಂದಿರು ಗಲ್ಫಿನಲ್ಲಿ ಇದ್ದಾರೆ ನೋಡಿ. ಅಪ್ಪ ಅಲ್ಲಿ ಓಡಿಸುವ ಲ್ಯಾಂಡ್ ಕ್ರೂಸರಿನ ಫೋಟೋ ಆ ಮಗುವಿನ ಮನೆಯ ಫೋನಿನಲ್ಲಿ ಇರುತ್ತದೆ. ಹಾಟ್ ವೀಲ್ಸಿನಲ್ಲೂ ಲ್ಯಾಂಡ್ ಕ್ರೂಸರ್ ಉಂಟು. ಆ ಮಗುವಿಗೆ ಬೇಕಾದದ್ದು ಅದು, ಶಾರ್ಕ್ ಅಲ್ಲ. ಒಮ್ಮೆ ಒಬ್ಬ ಹುಡುಗ ಅಮ್ಮನ ಕೈ ಹಿಡಿದುಕೊಂಡು ಅಂಗಡಿಯವರ ಹತ್ತಿರ "ಮಾಮ, ಅಪ್ಪನ ಗಾಡಿ ಬಂದಿದೆಯಾ?" ಎಂದು ಕೇಳುತ್ತಿದ್ದ. ಬಂದಿತ್ತು, ಬೆಳಿಗ್ಗೆಯೇ ಒಬ್ಬರು ಇದ್ದಷ್ಟನ್ನೂ ತೆಗೆದುಕೊಂಡು ಹೋಗಿದ್ದರು. ಅಂಗಡಿಯವರು ಅವನಿಗೆ ಬೇರೆ ಕಾರು ತೋರಿಸಿದರು. ಅವನು ತಲೆ ಆಡಿಸಿ ಬೇಡ ಎಂದ. ನನಗೆ ಈ ವಿಷಯದಲ್ಲಿ ಇಷ್ಟು ಬೇಸರ ಇರುವುದಕ್ಕೆ ಅಂಥ ಮಕ್ಕಳೇ ಕಾರಣ.

ಹಾಗಾದರೆ ಕೊಂಡು ಮಾರುವವರೆಲ್ಲ ಸ್ಕ್ಯಾಲ್ಪರುಗಳಾ? ಅಲ್ಲ. ಕಡಪ್ಪುರದ ಕಡಲ ದಂಡೆಯಿಂದ ಬೂತಾಯಿ, ಬಂಗುಡೆ ಮೀನು ತಂದು ಮನೆಬಾಗಿಲಿಗೆ ಕೊಡುವವರು ಲಾಭ ಇಟ್ಟೇ ಮಾರುತ್ತಾರೆ. ಆದರೆ ನಾವು ಹೋಗದ ಹೊತ್ತಿಗೆ, ನಾವು ಹೋಗದ ಕಡೆಗೆ ಅವರು ಹೋಗಿರುತ್ತಾರೆ. ಆ ಲಾಭ ಅವರ ದುಡಿಮೆಗೆ ಸಿಗುವ ಕೂಲಿ. ದುಬೈಯಿಂದಲೋ ಬೆಂಗಳೂರಿನಿಂದಲೋ ಇಲ್ಲಿ ಸಿಗದ ಕಾರು ತಂದು ಸ್ವಲ್ಪ ಲಾಭಕ್ಕೆ ಕೊಡುವವನೂ ಹಾಗೆಯೇ, ಅವನು ವ್ಯಾಪಾರಿ. ಊರಿನಲ್ಲಿ ಇಲ್ಲದ್ದನ್ನು ಅವನು ಊರಿಗೆ ತಂದ. ಸ್ಕ್ಯಾಲ್ಪರ್ ಮಾಡುವುದು ತಲೆಕೆಳಗು, ಊರಿನಲ್ಲಿ ಇದ್ದದ್ದನ್ನು ಇಲ್ಲವಾಗಿಸುತ್ತಾನೆ. ವ್ಯಾಪಾರಿಯನ್ನೂ ಸ್ಕ್ಯಾಲ್ಪರನ್ನೂ ಬೇರೆ ಮಾಡುವ ಗೆರೆ ಇದು ಎಂದು ನನ್ನ ಅಭಿಪ್ರಾಯ.

ಈಗ ಕಷ್ಟದ ಪ್ರಶ್ನೆ. ಅಂಗಡಿಯಲ್ಲಿ ನಿಂತು ನೋಡಿ ಸಂಗ್ರಾಹಕ ಯಾರು, ಸ್ಕ್ಯಾಲ್ಪರ್ ಯಾರು ಎಂದು ಹೇಳಬಹುದಾ?

ಮೊದಲು, ಯಾವುದನ್ನು ನೋಡಿ ಹೇಳಬಾರದು ಎಂದು ತಿಳಿಯಬೇಕು. ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುವುದು ಯಾವ ಸಾಕ್ಷಿಯೂ ಅಲ್ಲ, ಸಂಗ್ರಾಹಕರೂ ಬರುತ್ತಾರೆ. ದೊಡ್ಡವರು ಮಕ್ಕಳ ಆಟಿಕೆ ಹುಡುಕುವುದೂ ತಪ್ಪಲ್ಲ, ಈ ಹವ್ಯಾಸ ದಶಕಗಳಿಂದ ದೊಡ್ಡವರದ್ದೂ ಹೌದು. 80ರ ದಶಕದಲ್ಲಿ ಲಿಯೋ ಹೆಸರಿನಲ್ಲಿ ಭಾರತದಲ್ಲೇ ತಯಾರಾದ ಹಾಟ್ ವೀಲ್ಸ್ ಕಾರುಗಳನ್ನು ಇಂದಿಗೂ ಹೊರದೇಶದವರು ಹುಡುಕಿ ಕೊಳ್ಳುತ್ತಾರೆ. ಪ್ಯಾಕ್ ಬಿಚ್ಚದೆ ಇಡುವುದೂ ಗುರುತಲ್ಲ. ಕಾರ್ಡಿನ ಚಿತ್ರಕ್ಕೇ ಮನಸೋತು ಹಾಗೇ ಗೋಡೆಗೆ ತೂಗುಹಾಕುವವರಿದ್ದಾರೆ. ಇಪ್ಪತ್ತು ಕಾರು ಒಟ್ಟಿಗೆ ಕೊಂಡರೂ ಇಪ್ಪತ್ತೂ ಬೇರೆ ಬೇರೆ ಆಗಿದ್ದರೆ, ಅದು ಹುಟ್ಟುಹಬ್ಬದ ಮನೆಯಲ್ಲಿ ಮಕ್ಕಳಿಗೆ ಹಂಚಲಿಕ್ಕೂ ಇರಬಹುದು.

ನೋಡಬೇಕಾದದ್ದು ಒಂದೇ ಮಾದರಿ ಎಷ್ಟು ಹೋಯಿತು ಎಂಬುದನ್ನು. ಸಂಗ್ರಾಹಕನಿಗೆ ಒಂದು ಸಾಕು. ಒಂದು ಬಿಚ್ಚಿ ನೋಡಲಿಕ್ಕೆ, ಒಂದು ಹಾಗೇ ಇಡಲಿಕ್ಕೆ ಎಂದರೆ ಎರಡು. ಗೆಳೆಯನಿಗೆ ಇನ್ನೊಂದು ಎಂದರೂ ಮೂರು. ಅದೇ ಮಾದರಿಯ ಎಂಟೂ ಒಬ್ಬನ ಬುಟ್ಟಿಗೆ ಬಿದ್ದರೆ ಸಂಶಯ ಬರುವುದು ನ್ಯಾಯವೇ. ಕೊಳ್ಳುವವನ ಕಣ್ಣು ಎಲ್ಲಿದೆ ಎಂಬುದೂ ಸ್ವಲ್ಪ ಹೇಳುತ್ತದೆ. ಸಂಗ್ರಾಹಕ ಕಾರನ್ನು ತಿರುಗಿಸಿ ನೋಡುತ್ತಾನೆ. ಬಣ್ಣ ಎಲ್ಲಾದರೂ ಹೋಗಿದೆಯಾ, ಚಕ್ರ ಸೊಟ್ಟಗಿದೆಯಾ, ಈ ಬಣ್ಣ ತನ್ನಲ್ಲಿ ಉಂಟಾ ಎಂದು ಲೆಕ್ಕ ಹಾಕುತ್ತಾನೆ. ಸ್ಕ್ಯಾಲ್ಪರ್ ಪ್ರತಿ ಕಾರಿಗೂ ಫೋನು ನೋಡುತ್ತಾನೆ, ಹೊರಗೆ ಎಷ್ಟಕ್ಕೆ ಹೋಗುತ್ತದೆ ಎಂದು. ಇದರಲ್ಲೂ ಎಚ್ಚರ ಬೇಕು. ತನ್ನಲ್ಲಿರುವ ಕಾರುಗಳ ಪಟ್ಟಿಯನ್ನು ಫೋನಿನಲ್ಲೇ ಇಟ್ಟುಕೊಂಡ ಸಂಗ್ರಾಹಕನೂ ಹಾಗೇ ಕಾಣುತ್ತಾನೆ.

ಮಾತಾಡಿಸುವುದು ಇದಕ್ಕಿಂತ ಒಳ್ಳೆಯ ದಾರಿ. "ಅಣ್ಣಾ, ಅದರಲ್ಲಿ ಒಂದು ನನಗೆ ಬಿಡುತ್ತೀರಾ? ಮಗನಿಗೆ" ಎಂದು ಮರ್ಯಾದೆಯಿಂದ ಕೇಳಿ. ಸಂಗ್ರಾಹಕ ಹೆಚ್ಚಾಗಿ ಕೊಟ್ಟುಬಿಡುತ್ತಾನೆ. ಆ ಕಾರಿನ ಕಥೆಯನ್ನೂ ಹೇಳುತ್ತಾನೆ, ಯಾವ ವರ್ಷದ್ದು, ಮೊದಲು ಯಾವ ಬಣ್ಣದಲ್ಲಿ ಬಂದಿತ್ತು ಎಂದು. ಹೊಸಬನೊಬ್ಬ ಈ ಹವ್ಯಾಸಕ್ಕೆ ಬಂದರೆ ಅವನಿಗೆ ಸಂತೋಷ. ಸ್ಕ್ಯಾಲ್ಪರಿಗೆ ನೀವು ಗಿರಾಕಿ, ಇವತ್ತು ಬಿಟ್ಟುಕೊಟ್ಟರೆ ಅವನಿಗೆ ನಾಳೆಯ ಲಾಭ ಹೋಯಿತು. ಆದರೂ ಈ ಉತ್ತರ ಒಂದನ್ನೇ ನಂಬಿ ಯಾರಿಗೂ ಹೆಸರಿಡಬೇಡಿ. ಖಚಿತವಾಗಿ ಗೊತ್ತಾಗುವುದು ಅಂಗಡಿಯ ಹೊರಗೆ. ಅದೇ ವಾರ ಅದೇ ಎಂಟು ಕಾರು ಮೂರು ಪಟ್ಟು ಬೆಲೆಗೆ ಮಾರಾಟಕ್ಕೆ ಬಂದರೆ ಮತ್ತೆ ಸಂಶಯಕ್ಕೆ ಜಾಗ ಇಲ್ಲ. ಅಲ್ಲಿಯವರೆಗೆ ಯಾರ ಫೋಟೋವನ್ನೂ ತೆಗೆದು ಗುಂಪಿಗೆ ಹಾಕಿ ಮಾನ ಕಳೆಯುವುದು ತಪ್ಪು. ಸಣ್ಣ ಊರಿನಲ್ಲಿ ಅಂಥ ಮಾತು ಬೇಗ ಅಳಿಯುವುದಿಲ್ಲ.

ಅಂಗಡಿಗೆ ಬಂದ ಪೆಟ್ಟಿಗೆ ಕೊಕ್ಕೆಗೆ ಏರುವ ಮೊದಲೇ ಒಳಗಿನಿಂದ ಹೋಗಿಬಿಡುವುದೂ ಉಂಟು. ಕೆಲಸದವರಲ್ಲಿ ಒಬ್ಬರು ಫೋನು ಮಾಡುತ್ತಾರೆ, ಹೊರಗಿನವನು ಬಂದು ಒಳ್ಳೆಯದನ್ನು ಆರಿಸುತ್ತಾನೆ, ಉಳಿದದ್ದು ನಮ್ಮ ಮುಂದೆ ಬರುತ್ತದೆ. ಇದನ್ನು ಗಿರಾಕಿಗಳು ತಡೆಯಲಿಕ್ಕಾಗುವುದಿಲ್ಲ. ಅಂಗಡಿಯ ಯಜಮಾನರು ಮನಸ್ಸು ಮಾಡಬೇಕು. ಒಬ್ಬರಿಗೆ ಒಂದು ಮಾದರಿಯಲ್ಲಿ ಒಂದೇ ಎಂದು ಬೋರ್ಡು ಹಾಕಿದರೆ ಅವರ ವ್ಯಾಪಾರಕ್ಕೆ ಪೆಟ್ಟು ಬೀಳುವುದಿಲ್ಲ, ಒಳ್ಳೆಯ ಕಾರು ಹೇಗೂ ಮಾರಿಹೋಗುತ್ತದೆ. ಪೆಟ್ಟಿಗೆಯನ್ನು ಶಾಲೆ ಬಿಟ್ಟ ಮೇಲೆ ಸಂಜೆ ಬಿಚ್ಚಿದರೆ ಮಕ್ಕಳಿಗೂ ಕೈ ಹಾಕಲು ಸಿಗುತ್ತದೆ. ಕಾರಿಗೆಂದು ಬಂದ ಮನೆಯವರು ಪುಸ್ತಕ, ಪೆನ್ಸಿಲು, ಬಿಸ್ಕತ್ತೂ ಕೊಂಡು ಹೋಗುತ್ತಾರೆ. ಪೂರಾ ಎತ್ತಿಕೊಂಡು ಹೋಗುವವನು ಇನ್ನೇನನ್ನೂ ಕೊಳ್ಳುವುದಿಲ್ಲ.

ಕಾನೂನಿನ ಮಾತೂ ಒಂದಿದೆ. ಮುದ್ರಿತ ಬೆಲೆಗಿಂತ ಹೆಚ್ಚಿಗೆ ಪ್ಯಾಕ್ ಮಾಲು ಮಾರುವುದನ್ನು 2011ರ ಪ್ಯಾಕ್ ಮಾಡಿದ ಸರಕುಗಳ ಕಾನೂನು ಮಾಪನ ನಿಯಮಗಳ 18ನೇ ನಿಯಮ ತಡೆಯುತ್ತದೆ. ಅದು ಚಿಲ್ಲರೆ ವ್ಯಾಪಾರಿಯ ಜೊತೆಗೆ 'ಬೇರೆ ವ್ಯಕ್ತಿ' ಎಂದೂ ಹೇಳುತ್ತದೆ, ಅಂದರೆ ಅಂಗಡಿಯವರಿಗೆ ಮಾತ್ರ ಅಲ್ಲ. ಅಂಗಡಿಯೇ ಸೂಪರನ್ನು ಗಲ್ಲಾಪೆಟ್ಟಿಗೆಯ ಕೆಳಗೆ ತೆಗೆದಿಟ್ಟು, ಬೆಲೆಯ ಚೀಟಿ ಕಿತ್ತು ಜಾಸ್ತಿಗೆ ಮಾರಿದರೆ ಸುಮ್ಮನಿರಬೇಕಾಗಿಲ್ಲ. ಬಿಲ್ ಕೇಳಿ ತೆಗೆದುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915, ಕನ್ನಡದಲ್ಲೂ ಮಾತಾಡಬಹುದು.

ನಡುವೆ ನಿಲ್ಲುವ ಒಬ್ಬರ ಬಗ್ಗೆ ಹೇಳಲೇಬೇಕು. ಎರಡು ಕೊಂಡು ಒಂದನ್ನು ತಾನಿಟ್ಟುಕೊಂಡು, ಇನ್ನೊಂದನ್ನು ಜಾಸ್ತಿಗೆ ಮಾರಿ ಹವ್ಯಾಸದ ಖರ್ಚು ಹೊಂದಿಸುವವರು. ಕಾಲೇಜು ಹುಡುಗರಲ್ಲಿ ಇಂಥವರು ಜಾಸ್ತಿ, ಕೈಯಲ್ಲಿ ದುಡ್ಡು ಕಡಿಮೆ. ಅವರನ್ನು ಸ್ಕ್ಯಾಲ್ಪರ್ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಎರಡು ನಾಲ್ಕಾಗಿ, ನಾಲ್ಕು ಎಂಟಾಗುವುದು ಅಲ್ಲಿಂದಲೇ. ಹತ್ತು ವರ್ಷ ಇಟ್ಟ ಕಾರನ್ನು ಇವತ್ತಿನ ಬೆಲೆಗೆ ಮಾರುವುದು ಪೂರ್ತಿ ಬೇರೆ ಸಂಗತಿ, ಅದರಲ್ಲಿ ಯಾರ ಕೈಯಿಂದಲೂ ಕಿತ್ತದ್ದು ಏನೂ ಇಲ್ಲ. ಹಳಬರಲ್ಲಿ ಇನ್ನೊಂದು ಕ್ರಮವೂ ಉಂಟು, ನನಗೆ ಬಹಳ ಇಷ್ಟವಾದದ್ದು. ಗೆಳೆಯ ಹುಡುಕುತ್ತಿರುವ ಕಾರು ಕಣ್ಣಿಗೆ ಬಿದ್ದರೆ ಅವನಿಗಾಗಿ ಕೊಂಡಿಟ್ಟು, ಬಿಲ್ಲಿನ ದುಡ್ಡು ಮಾತ್ರ ತೆಗೆದುಕೊಳ್ಳುತ್ತಾರೆ. ಕಾಸರಗೋಡಿನಿಂದ ಮಂಗಳೂರಿಗೆ ದಿನಾ ಹೋಗಿಬರುವವರ ಚೀಲದಲ್ಲಿ ಹಾಗೆ ಎಷ್ಟೋ ಕಾರುಗಳು ಗಡಿಯ ತಲಪಾಡಿ ದಾಟಿ ಬರುತ್ತವೆ, ಅಂಗಡಿಯ ಬೆಲೆಗೇ.