ಸ್ಪ್ಯಾನಿಷ್ ಮಾತಿಗೆ ಕನ್ನಡದಿಂದಲೇ ನೇರ ದಾರಿ

ಸ್ಪ್ಯಾನಿಷ್ ಓದಿದರೆ ಅರ್ಥವಾಗುತ್ತದೆ, ಮಾತಾಡಲು ಹೋದರೆ ಬಾಯಿ ಕಟ್ಟುತ್ತದೆ. ನನಗೂ ತುಂಬ ದಿನ ಹಾಗೇ ಇತ್ತು. ಕಾರಣ ಆಮೇಲೆ ಹೊಳೆಯಿತು. ಕನ್ನಡದಲ್ಲಿ ಯೋಚಿಸಿ, ಅದನ್ನು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಸ್ಪ್ಯಾನಿಷ್‌ಗೆ ಹೋಗುತ್ತಿದ್ದೆ. ನಾವು ಕಲಿಯುವ ಪಾಠಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತವೆ ಅಲ್ವಾ, ಅದಕ್ಕೇ ಈ ಸುತ್ತು ಬಳಸು. ಇಂಗ್ಲಿಷನ್ನು ಪಕ್ಕಕ್ಕಿಟ್ಟ ಮೇಲೆ ನನ್ನ ಮಾತು ಸಲೀಸಾಯಿತು.

ಮೊದಲು ವಾಕ್ಯದ ವಿಷಯ. 'ಮೆ ಗುಸ್ತಾ ಲಾ ಮೂಸಿಕಾ' ಎಂದರೆ 'ನನಗೆ ಸಂಗೀತ ಇಷ್ಟ'. ಇಂಗ್ಲಿಷಿನ ಕಡೆಯಿಂದ ಬಂದವರಿಗೆ ಇದು ತಲೆಕೆಳಗಾದ ವಾಕ್ಯ. ನಮಗೆ ಮನೆಯ ವಾಕ್ಯ. 'ಮೆ' ಅಂದರೆ 'ನನಗೆ', ಅಷ್ಟೇ. 'ಮೆ ದುಎಲೆ ಲಾ ಕಾಬೆಸಾ' ಎಂದರೆ 'ನನಗೆ ತಲೆ ನೋಯುತ್ತಿದೆ'. ಇಷ್ಟವಾದದ್ದು ಒಂದಕ್ಕಿಂತ ಜಾಸ್ತಿ ಇದ್ದರೆ 'ಗುಸ್ತಾ' ಹೋಗಿ 'ಗುಸ್ತಾನ್' ಬರುತ್ತದೆ: 'ಮೆ ಗುಸ್ತಾನ್ ಲೊಸ್ ಲಿಬ್ರೊಸ್', ನನಗೆ ಪುಸ್ತಕಗಳು ಇಷ್ಟ. ಆದರೆ ಹಸಿವಿಗೆ ಈ ಜೋಡಣೆ ನಡೆಯುವುದಿಲ್ಲ. ಅಲ್ಲಿ 'ತೆಂಗೊ ಆಂಬ್ರೆ', ಅಂದರೆ 'ನನ್ನಲ್ಲಿ ಹಸಿವು ಇದೆ' ಎನ್ನುವ ಹಾಗೆ.

'ಹೋಗುತ್ತೇನೆ' ಎಂದರೆ ಸಾಕು, 'ನಾನು' ಬೇಕಿಲ್ಲ. ಸ್ಪ್ಯಾನಿಷ್‌ನಲ್ಲೂ ಹಾಗೇ, ಕ್ರಿಯಾಪದದ ಕೊನೆಯೇ ಯಾರು ಎಂದು ಹೇಳುತ್ತದೆ. ಪ್ರತಿ ವಾಕ್ಯಕ್ಕೂ 'ಯೊ' (ನಾನು) ಸೇರಿಸಬೇಡಿ. 'ತು' ಮತ್ತು 'ಉಸ್ತೆದ್' ನಮ್ಮ 'ನೀನು' ಮತ್ತು 'ನೀವು' ಇದ್ದ ಹಾಗೆ. ಅರ್ಜೆಂಟೀನಾದಲ್ಲಿ 'ತು' ಬದಲು 'ಬೊಸ್' ಕೇಳುತ್ತೀರಿ.

ಇನ್ನು ಉಚ್ಚಾರಣೆ. 'ತು', 'ದೊಸ್' ಎನ್ನುವಾಗ ನಾಲಗೆ ಹಲ್ಲಿಗೆ ತಾಗಬೇಕು. ನಮ್ಮ ತ, ದ ಅದೇ. ಬರವಣಿಗೆಯಲ್ಲಿ ವ ಕಂಡರೂ ಬ ಎಂದೇ ಓದಿ, ಎರಡಕ್ಕೂ ಅಲ್ಲಿ ಒಂದೇ ಧ್ವನಿ. ಸ್ವರಗಳು ಐದೇ: ಆ, ಎ, ಇ, ಒ, ಉ. ಇಲ್ಲೊಂದು ಎಚ್ಚರಿಕೆ. ನಮ್ಮ ಗಿಡ್ಡ 'ಅ' ಅಲ್ಲಿ ಇಲ್ಲ. 'ಕಾಸಾ' (ಮನೆ) ಎನ್ನುವಾಗ ಎರಡೂ ಕಡೆ ಬಾಯಿ ಪೂರ್ತಿ ತೆರೆಯಲಿ, ಆದರೆ ಎಳೆಯಬೇಡಿ.

'ಪೆರೊ' ಎಂದರೆ 'ಆದರೆ', 'ಪೆರ್ರೊ' ಎಂದರೆ ನಾಯಿ. ಮೊದಲನೆಯದು ನಮ್ಮ ರ. ಎರಡನೆಯದರಲ್ಲಿ ನಾಲಗೆ ಗಡಗಡ ನಡುಗಬೇಕು. ಪದದ ಮೊದಲಲ್ಲಿ ಬರುವ ರ ಕೂಡ ಹೀಗೇ ನಡುಗುತ್ತದೆ. ನಾಲಗೆಯನ್ನು ನಾವೇ ಆಡಿಸಲು ಹೋದರೆ ಆಗುವುದಿಲ್ಲ. ತುದಿಯನ್ನು ಹಲ್ಲಿನ ಹಿಂದೆ ಸಡಿಲವಾಗಿ ಇಟ್ಟು ಉಸಿರು ಜೋರಾಗಿ ಬಿಡಿ, ಉಸಿರೇ ಅದನ್ನು ಆಡಿಸುತ್ತದೆ. 'ದ್ರ, ತ್ರ' ಎಂದು ಶುರು ಮಾಡಿದರೆ ಸುಲಭ. ಒಂದೇ ದಿನದಲ್ಲಿ ಬರುವುದಿಲ್ಲ, ಬಿಡಬೇಡಿ.

ನಮಗೆ ನಿಜಕ್ಕೂ ಹೊಸದು ಒತ್ತಿ ಹೇಳುವ ಜಾಗ. 'ಬಳೆ'ಯನ್ನು ಎಳೆದರೆ 'ಬಾಳೆ' ಆಗುತ್ತದೆ. ಸ್ಪ್ಯಾನಿಷ್‌ನಲ್ಲಿ ಎಳೆತಕ್ಕೆ ಈ ಶಕ್ತಿ ಇಲ್ಲ, ಒತ್ತಿಗೆ ಇದೆ. 'ಆಬ್ಲೊ' ಎನ್ನುವಾಗ 'ಆ' ಮೇಲೆ ಒತ್ತಿದರೆ 'ಮಾತಾಡುತ್ತೇನೆ'. 'ಬ್ಲೊ' ಮೇಲೆ ಒತ್ತಿದರೆ 'ಮಾತಾಡಿದನು' ಅಥವಾ 'ಮಾತಾಡಿದಳು'. ಪದ ಸ್ವರ, ನ್ ಅಥವಾ ಸ್‌ನಲ್ಲಿ ಮುಗಿದರೆ ಕೊನೆಯಿಂದ ಎರಡನೆಯ ಭಾಗಕ್ಕೆ ಒತ್ತು. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯ ಭಾಗಕ್ಕೆ. ಈ ನಿಯಮ ಮೀರುವ ಪದದಲ್ಲಿ ಸ್ವರದ ಮೇಲೆ ಒಂದು ಓರೆ ಗೆರೆ ಇರುತ್ತದೆ. ಹೊಸ ಪದ ಕಲಿತಾಗಲೆಲ್ಲ ಒತ್ತು ಬೀಳುವ ಕಡೆ ಮೇಜು ತಟ್ಟಿ ಹೇಳಿ. ನನಗೆ ಇದರಷ್ಟು ಸಹಾಯ ಬೇರೆ ಯಾವುದೂ ಮಾಡಲಿಲ್ಲ.

ಸ್ಪ್ಯಾನಿಷ್ ಮಾತಾಡುವವರು ಬೇಗ ಮಾತಾಡುತ್ತಾರೆ ಅನ್ನಿಸುವುದಕ್ಕೆ ಒಂದು ಕಾರಣ ಸಂಧಿ. ಹೌದು, ನಾವು ಶಾಲೆಯಲ್ಲಿ ಕಲಿತ ಸಂಧಿಯಂಥದ್ದೇ! 'ಮಾತು ಇಲ್ಲ' ಸೇರಿ 'ಮಾತಿಲ್ಲ' ಆಗುವಂತೆ, 'ಲಾ ಆಮಿಗಾ' (ಗೆಳತಿ) ಮಾತಿನಲ್ಲಿ 'ಲಾಮಿಗಾ' ಆಗುತ್ತದೆ. 'ಲೊಸ್ ಆಮಿಗೊಸ್' (ಗೆಳೆಯರು) 'ಲೊಸಾಮಿಗೊಸ್' ಆಗುತ್ತದೆ. ಪದ ಪದ ಬಿಡಿಸಿ ಹೇಳುವ ಅಭ್ಯಾಸ ಬಿಟ್ಟರೆ ಕಿವಿಯೂ ಚುರುಕಾಗುತ್ತದೆ.

ವಸ್ತುಗಳಿಗೂ ಗಂಡು ಹೆಣ್ಣು ಇರುವುದರಲ್ಲಿ ಕನ್ನಡ ನೆರವಾಗುವುದಿಲ್ಲ. 'ಲಾ ಮೆಸಾ' (ಮೇಜು), 'ಎಲ್ ಲಿಬ್ರೊ' (ಪುಸ್ತಕ) ಎಂದು ಜೋಡಿಯಾಗಿಯೇ ಬಾಯಿಪಾಠ ಮಾಡಿ.

ಅಭ್ಯಾಸಕ್ಕೆ ದಿನಕ್ಕೆ ಅರ್ಧ ನಿಮಿಷದ ಒಂದು ಆಡಿಯೊ ಸಾಕು. ಕೇಳುತ್ತಲೇ ಅವರ ಬೆನ್ನಿಗೇ ಹೇಳಿ, ರೆಕಾರ್ಡ್ ಮಾಡಿ, ಎರಡನ್ನೂ ಪಕ್ಕ ಪಕ್ಕ ಕೇಳಿ. ಮೊದಮೊದಲು ಒಂದೇ ದೇಶದವರ ಮಾತು ಆರಿಸಿಕೊಳ್ಳಿ. ಬೀದಿ ಎಂಬ ಪದ ಮೆಕ್ಸಿಕೊದಲ್ಲಿ 'ಕಾಯೆ', ಬ್ಯೂನಸ್ ಐರಿಸ್‌ನಲ್ಲಿ 'ಕಾಶೆ'. ಎರಡೂ ಸರಿ, ಆದರೆ ಶುರುವಿನಲ್ಲಿ ಬೆರೆಸಿದರೆ ಗೊಂದಲ. ಮಾತಿನ ನಡುವೆ ಪದ ಸಿಗದಿದ್ದರೆ ಸುಮ್ನೆ ನಿಲ್ಲಬೇಡಿ. 'ಪುಎಸ್' (ಅಂದರೆ...), 'ಆ ಬೆರ್' (ನೋಡೋಣ) ಎನ್ನಿ. ಆಮೇಲೆ 'ಕೊಮೊ ಸೆ ದೀಸೆ', ಅಂದರೆ 'ಇದಕ್ಕೆ ಏನಂತಾರೆ', ಎಂದು ಕೇಳಿಬಿಡಿ. ಎದುರಿಗಿರುವವರು ಹೇಳಿಕೊಡುತ್ತಾರೆ, ಮಾತು ಸ್ಪ್ಯಾನಿಷ್‌ನಲ್ಲೇ ಮುಂದುವರಿಯುತ್ತದೆ.